ಹಳೆಯ ಜೂಡೊ ಟೂರ್ನಿಗಳ ಡಿವಿಡಿ: ಕೊಳ್ಳುವ ಮುನ್ನ, ಕೊಂಡ ಮೇಲೆ

ಪ್ರಶ್ನೆ: ಜಪಾನಿನಲ್ಲಿ ಬಿಡುಗಡೆಯಾದ ಹಳೆಯ ವಿಶ್ವ ಜೂಡೊ ಚಾಂಪಿಯನ್‌ಷಿಪ್‌ನ ಡಿವಿಡಿಯೊಂದು ಆನ್‌ಲೈನ್ ಹರಾಜಿಗೆ ಬಂದಿದೆ. ‘ಒರಿಜಿನಲ್’ ಎಂದು ಭಾರಿ ಬೆಲೆ ಹೇಳುತ್ತಿದ್ದಾರೆ, ಆದರೆ ಹಾಕಿರುವುದು ಮುಖಪುಟದ ಫೋಟೊ ಮಾತ್ರ. ನಂಬಬಹುದೇ?

ಉತ್ತರ: ಅದೊಂದನ್ನೇ ನಂಬಿ ದುಡ್ಡು ಕಟ್ಟಬೇಡಿ. ಮುಖಪುಟವನ್ನು ಸ್ಕ್ಯಾನ್ ಮಾಡಿ ಮುದ್ರಿಸುವುದು ಯಾರಿಗೂ ಕಷ್ಟವಲ್ಲ. ಡಿಸ್ಕ್‌ನ ಹೊಳೆಯುವ ಬದಿಯನ್ನು ಓರೆ ಬೆಳಕಿನಲ್ಲಿ ತೆಗೆದ ಫೋಟೊ ಕೇಳಿ. ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕ್ ಬೆಳ್ಳಿ ಬಣ್ಣದ್ದು. ಎರಡು ಪದರದ್ದಾದರೆ ತುಸು ಹೊನ್ನಿನ ಛಾಯೆ ಇರಬಹುದು, ಅದಕ್ಕೆ ಗಾಬರಿ ಬೇಡ. ನೇರಳೆ ಛಾಯೆ ಕಂಡರೆ ಅದು ಬರ್ನ್ ಮಾಡಿದ್ದು, ಅಂದರೆ ಖಾಲಿ ಡಿಸ್ಕ್‌ಗೆ ಡ್ರೈವಿನಲ್ಲಿ ಬರೆದದ್ದು. ನಡುವಿನ ರಂಧ್ರದ ಸುತ್ತ ಇರುವ ಕನ್ನಡಿಯಂಥ ಬಳೆಯ ಫೋಟೊವನ್ನೂ ಹತ್ತಿರದಿಂದ ತೆಗೆಸಿಕೊಳ್ಳಿ. ಅಲ್ಲಿ ಕೊರೆದಿರುವ ಸಂಖ್ಯೆ ಹೆಚ್ಚಿನ ಸಲ ಕೇಸಿನ ಬೆನ್ನಿನ ಮೇಲಿನ ಕ್ಯಾಟಲಾಗ್ ಸಂಖ್ಯೆಗೆ ಹೊಂದುತ್ತದೆ. ಜತೆಗೆ ‘ಐಎಫ್‌ಪಿಐ’ ಎಂದು ಶುರುವಾಗುವ ಸಣ್ಣ ಗುರುತೂ ಇರುತ್ತದೆ, ಅದು ಅಚ್ಚು ಹಾಕಿದ ಕಾರ್ಖಾನೆಯ ಸಂಕೇತ. ಜಪಾನಿನ ಬಾರ್‌ಕೋಡ್ 45 ಅಥವಾ 49ರಿಂದ ಆರಂಭವಾಗುತ್ತದೆ. ಬಾಡಿಗೆ ಅಂಗಡಿಯ ಸ್ಟಿಕರ್ ಇದ್ದರೆ ಬೆಲೆ ಇಳಿಸಲು ಕೇಳಿ. ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿ, ಅಂದರೆ ಓಬಿ, ಹರಿಯದೆ ಉಳಿದಿದ್ದರೆ ಸಂಗ್ರಾಹಕರು ಹೆಚ್ಚು ಕೊಡುವುದುಂಟು.

ಬರ್ನ್ ಮಾಡಿದ್ದೆಲ್ಲ ಕಳ್ಳಮಾಲಲ್ಲ. ಸಣ್ಣ ಪ್ರಕಾಶಕರು ಬೇಡಿಕೆ ಬಂದಂತೆ ಬರ್ನ್ ಮಾಡಿ ಅಧಿಕೃತವಾಗಿಯೇ ಮಾರಿದ್ದಾರೆ. ಆದರೆ ಅಂಥದ್ದಕ್ಕೆ ಅಪರೂಪದ ಬೆಲೆ ಕೊಡುವುದು ದಂಡ, ಯಾಕೆಂದರೆ ಅದರಲ್ಲಿ ದತ್ತಾಂಶ ಹಿಡಿದಿಟ್ಟಿರುವುದು ಬೆಳಕಿಗೆ, ಬಿಸಿಗೆ ಕೆಡುವ ಬಣ್ಣದ ಪದರ.

ಒಳಗಿನ ವಿಡಿಯೊದ ಒಂದೆರಡು ಸ್ಕ್ರೀನ್‌ಶಾಟನ್ನೂ ಕೇಳಿ. ಚಿತ್ರದ ತೀರಾ ಕೆಳಗಿನ ಕೆಲವು ಗೆರೆಗಳು ಓರೆಯಾಗಿ ಹರಿದಂತಿದ್ದರೆ ಅದನ್ನು ವಿಎಚ್‌ಎಸ್ ಟೇಪಿನಿಂದ ಇಳಿಸಿರುವ ಸಂಭವ ಹೆಚ್ಚು. ಸ್ಕೋರ್‌ಬೋರ್ಡ್ ಕೂಡ ಸಾಕ್ಷಿ ಹೇಳುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ‘ಕೋಕಾ’ ಎಂಬ ಅತಿ ಚಿಕ್ಕ ಅಂಕವನ್ನು 2009ರಿಂದ ಕೈಬಿಟ್ಟರು; ಕೈಯಿಂದ ಕಾಲು ಹಿಡಿದು ಬೀಳಿಸುವುದಕ್ಕೆ 2010ರಲ್ಲಿ ಕಡಿವಾಣ ಬಿತ್ತು, 2013ರಲ್ಲಿ ಪೂರ್ತಿ ನಿಷೇಧವಾಯಿತು. 2011ರ ಟೂರ್ನಿ ಎಂದು ಬರೆದ ಡಿಸ್ಕ್‌ನಲ್ಲಿ ಕೋಕಾ ಕಾಲಂ ಕಂಡರೆ ಲೇಬಲ್ಲೇ ಸುಳ್ಳು. ಎರಡೂ ಕಾಲು ಹಿಡಿದು ಬೀಳಿಸುವ ಮೊರೊಟೆ-ಗರಿಯಂಥ ಪಟ್ಟುಗಳನ್ನು ಪಂದ್ಯದಲ್ಲೇ ನೋಡಬೇಕೆನ್ನುವವರು ಹಳೆಯ ಡಿಸ್ಕ್‌ಗಳನ್ನು ಹುಡುಕುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಯುರೋಪಿನ ಡಿವಿಡಿ ಪ್ಲೇಯರಿನಲ್ಲಿ ಜಪಾನಿನ ಡಿಸ್ಕ್ ಓಡುತ್ತದೆಯೇ?

ಉತ್ತರ: ಡಿವಿಡಿ ಯಾವ ಪ್ರದೇಶದಲ್ಲಿ ಓಡಬೇಕೆಂದು ಹಾಕುವ ಬೀಗದ ಸಂಖ್ಯೆಯೇ ರೀಜನ್. ಎರಡೂ ರೀಜನ್ 2, ಹಾಗಾಗಿ ಬೀಗದ ತೊಂದರೆ ಇಲ್ಲ. ಟಿವಿ ಚಿತ್ರದ ಪದ್ಧತಿ ಮಾತ್ರ ಬೇರೆ: ಜಪಾನಿನದು ಎನ್‌ಟಿಎಸ್‌ಸಿ, ಯುರೋಪಿನದು ಪಾಲ್. ನಿಮ್ಮ ಟಿವಿ ಎರಡನ್ನೂ ತೋರಿಸಬೇಕಷ್ಟೆ. ಅಮೆರಿಕದ್ದು ರೀಜನ್ 1, ಕೊರಿಯಾ ಮತ್ತು ಹಾಂಗ್‌ಕಾಂಗ್‌ನದು 3. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಸಿಗುವುದು 5 ಅವಕಾಶ ಮಾತ್ರ, ಆಮೇಲೆ ಕೊನೆಯದೇ ಖಾಯಂ. ಜಪಾನಿನ ಡಿಸ್ಕ್‌ಗಳಿಗೇ ಒಂದು ಡ್ರೈವ್ ಮೀಸಲಿಡುವುದು ಜಾಣತನ.

ಪ್ರಶ್ನೆ: ಡಿಸ್ಕ್ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಹಾಳಾಗುವ ಮೊದಲು ಎಂಪಿ4 ಮಾಡಿಟ್ಟುಕೊಳ್ಳಲೇ?

ಉತ್ತರ: ಮೊದಲು ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಗಮನಿಸಿ. ಡಿವಿಡಿಯನ್ನು ಒಳಗಿನಿಂದ ಹೊರಕ್ಕೆ ಓದಲಾಗುತ್ತದೆ. ಒಂದೇ ಪದರದ, 4.7 ಜಿಬಿಯ ಡಿಸ್ಕ್ ಭರ್ತಿಯಾಗಿದ್ದರೆ ಕೊನೆಯ ಪಂದ್ಯ, ಅಂದರೆ ಬಹುತೇಕ ಫೈನಲ್, ಅಂಚಿನಲ್ಲೇ ಇರುತ್ತದೆ. ಬೆರಳಚ್ಚು ಬೀಳುವುದೂ ಅಲ್ಲೇ. 8.5 ಜಿಬಿಯದರಲ್ಲಿ ಎರಡನೆಯ ಪದರವನ್ನು ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ ಓದುವುದರಿಂದ ಅಂಚಿಗೆ ಬರುವುದು ನಡುವಿನ ಪಂದ್ಯಗಳು. ಪದರ ಬದಲಾಗುವಾಗ ಅರೆಕ್ಷಣ ನಿಂತರೆ ಅದು ದೋಷವಲ್ಲ.

ಮೆತ್ತನೆಯ ಮೈಕ್ರೊಫೈಬರ್ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಿ. ಸುತ್ತಿಸಿ ಒರೆಸಿದರೆ ಬೀಳುವ ಗೀರು ಓದುವ ದಾರಿಯ ಉದ್ದಕ್ಕೂ ಸಾಗುತ್ತದೆ. ಅಷ್ಟು ದೊಡ್ಡ ತುಂಡು ಕಳೆದರೆ ದೋಷ ತಿದ್ದುವ ವ್ಯವಸ್ಥೆಯೂ ಕೈಚೆಲ್ಲುತ್ತದೆ. ಟೂತ್‌ಪೇಸ್ಟಿನ ಉಪಾಯವನ್ನು ಮರೆತುಬಿಡಿ.

ಎಂಪಿ4ಗೆ ಆತುರಪಡಬೇಡಿ, ಮೊದಲು ಇಡೀ ಡಿಸ್ಕ್‌ನ ಐಎಸ್‌ಒ ಇಮೇಜ್, ಅಂದರೆ ಒಂದೇ ಫೈಲಿನಲ್ಲಿ ಇದ್ದದ್ದು ಇದ್ದಂತೆ ಪ್ರತಿ, ತೆಗೆಯಿರಿ. ಸ್ವಂತ ಪ್ರತಿ ಮಾಡಿಕೊಳ್ಳುವ ಬಗ್ಗೆ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅದನ್ನು ನೋಡಿಕೊಳ್ಳಿ. ಕೆಟ್ಟ ಡಿಸ್ಕ್‌ಗೆ ದತ್ತಾಂಶ ಉಳಿಸಿಕೊಡುವ ಜಿಎನ್‌ಯು ಡಿಡಿರೆಸ್ಕ್ಯೂ ತಂತ್ರಾಂಶ ಸರಿಯಾದ ಸಾಧನ. ಬ್ಲಾಕ್ ಗಾತ್ರ 2048 ಬೈಟ್ ಇಡಿ, ಯಾವ ಭಾಗ ಬಂತು, ಯಾವುದು ಬಾಕಿ ಎಂದು ಬರೆದಿಡುವ ಮ್ಯಾಪ್ ಫೈಲ್ ತಪ್ಪದೆ ಕೊಡಿ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಕೆದಕದೆ ಮಿಕ್ಕಿದ್ದನ್ನು ಎತ್ತಿಕೊಳ್ಳಲಿ. ಎರಡನೆಯ ಸುತ್ತಿನಲ್ಲಿ ಉಳಿದದ್ದಕ್ಕೆ 3 ಮರುಪ್ರಯತ್ನ ಸಾಕು. ಆಮೇಲೂ ಬಾರದ್ದು ಅದೇ ಮ್ಯಾಪ್ ಫೈಲ್‌ನೊಂದಿಗೆ ಬೇರೊಂದು ಡ್ರೈವಿನಲ್ಲಿ ಎಷ್ಟೋ ಸಲ ಬಂದುಬಿಡುತ್ತದೆ. ವಿಡಿಯೊ ಭಾಗವೆಲ್ಲ ದೋಷವೆಂದೇ ತೋರಿಸಿದರೆ ಡಿಸ್ಕ್ ಸತ್ತಿತೆಂದು ಎಣಿಸಬೇಡಿ. ಅದಕ್ಕೆ ನಕಲು ತಡೆಯ ಬೀಗ ಇರಬಹುದು, ಡ್ರೈವ್ ಇನ್ನೂ ಅದನ್ನು ತೆರೆದಿರುವುದಿಲ್ಲ.

ಎಂಪಿ4 ನೇರವಾಗಿ ಬೇಡವೆನ್ನಲು ಇನ್ನೊಂದು ಕಾರಣ ಕಾಲಿನ ಕೆಲಸ. ನೇರಪ್ರಸಾರಕ್ಕೆ ಚಿತ್ರಿಸಿದ ಎನ್‌ಟಿಎಸ್‌ಸಿ ವಿಡಿಯೊದಲ್ಲಿ ಸೆಕೆಂಡಿಗೆ 59.94 ಅರೆಚಿತ್ರಗಳಿರುತ್ತವೆ, ಒಂದೊಂದರಲ್ಲೂ ಒಂದು ಬಿಟ್ಟು ಒಂದು ಗೆರೆ ಮಾತ್ರ. ಪರಿವರ್ತಕ ತಂತ್ರಾಂಶಗಳು ಹೆಚ್ಚಾಗಿ ಅವನ್ನು ಜೋಡಿಸಿ 29.97 ಚಿತ್ರ ಮಾಡುತ್ತವೆ, ಚಲನೆಯ ಅರ್ಧ ಅಲ್ಲೇ ಮಾಯ. ಎದುರಾಳಿಯ ಮುಂದಿಟ್ಟ ಪಾದವನ್ನು ಪಾದದಿಂದ ಗುಡಿಸಿ ಬೀಳಿಸುವ ದೆ-ಅಶಿ-ಬರೈಯಲ್ಲಿ ಪಾದ ಯಾವ ಗಳಿಗೆಯಲ್ಲಿ ತಾಗಿತೆಂದು ಆಮೇಲೆ ನೋಡಲಾಗದು. ನೋಡುವ ಪ್ರತಿ ಬೇಕಿದ್ದರೆ ಐಎಸ್‌ಒದಿಂದ, ಪ್ರತಿ ಅರೆಚಿತ್ರವನ್ನೂ ಪೂರ್ಣ ಚಿತ್ರವಾಗಿಸುವ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಬಳಸಿ 59.94ಕ್ಕೇ ಮಾಡಿಕೊಳ್ಳಿ.

ಪ್ರಶ್ನೆ: ಇಡುವುದು ಹೇಗೆ?

ಉತ್ತರ: ಗಟ್ಟಿ ಕೇಸಿನಲ್ಲಿ, ಪುಸ್ತಕದಂತೆ ನಿಲ್ಲಿಸಿ, 20 ಡಿಗ್ರಿ ಸೆಲ್ಸಿಯಸ್ ಒಳಗೆ, ತೇವಾಂಶ ಶೇ 20ರಿಂದ 50. ಡಿವಿಡಿಯೆಂದರೆ 0.6 ಮಿಲಿಮೀಟರಿನ ಎರಡು ಹಾಳೆ ಅಂಟಿಸಿದ್ದು. ಕೇಸಿನ ನಡುಗುಬ್ಬಿ ಒತ್ತದೆ ಡಿಸ್ಕನ್ನು ಬಗ್ಗಿಸಿ ಎಳೆದರೆ ರಂಧ್ರದ ಬಳಿ ಬಿರುಕು ಬಿಟ್ಟು ಹಾಳೆಗಳ ಅಂಟು ಏಳುತ್ತದೆ. ಗುಬ್ಬಿ ಬಿಗಿಯಾಗಿದ್ದರೆ ಕೇಸನ್ನೇ ಬದಲಿಸಿ, ಹಳೆಯ ಮುಖಪುಟವನ್ನು ಹೊಸದಕ್ಕೆ ತೊಡಿಸಿ.