ಚರ್ಚಿನ ಸಿಬ್ಬಂದಿಯೆಲ್ಲರಲ್ಲೂ ಸೃಜನಶೀಲತೆ ಬೆಳೆಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸಭಾಪಾಲಕರು ಮತ್ತು ಸಂಗೀತದ ಹೊಣೆ ಹೊತ್ತವರನ್ನು ಬಿಟ್ಟರೆ ನಿಮ್ಮ ಚರ್ಚಿನ ಸಿಬ್ಬಂದಿಯಲ್ಲಿ ಬೇರೆ ಯಾರೂ ಹೊಸ ಆಲೋಚನೆ ಮುಂದಿಡುವುದಿಲ್ಲ. ವಾರದ ಮೀಟಿಂಗಿನಲ್ಲಿ ಕೇಳಿದರೆ ಎಲ್ಲರೂ ಡೈರಿಯತ್ತ ಕಣ್ಣು ಇಳಿಸುತ್ತಾರೆ. ಒಳ್ಳೆಯ ಸಲಹೆಗೆ ಬಹುಮಾನ ಇಟ್ಟರೆ ಹೇಗೆ ಎಂದೂ ಕೇಳಿದ್ದೀರಿ. ನಾನು ಬಹಳ ವರ್ಷಗಳಿಂದ ಚರ್ಚಿನ ಆಡಳಿತದಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ವಿಷಯ ನನ್ನ ಮನಸ್ಸಿಗೆ ತೀರಾ ಹತ್ತಿರದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅವರ ಬಳಿ ಆಲೋಚನೆಗಳಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಅವರದಲ್ಲದ ಕೆಲಸದ ಬಗ್ಗೆ ಅವರನ್ನು ಕೇಳಲಾಗುತ್ತಿದೆ, ಅಷ್ಟೆ. ಈಸ್ಟರ್ ಆರಾಧನೆಗೆ ಏನಾದರೂ ಹೊಸದು ಹೇಳಿ ಎಂದರೆ ಲೆಕ್ಕ ಬರೆಯುವವರು ಏನು ತಾನೇ ಹೇಳಿಯಾರು? ಅದೇ ಅವರನ್ನು, ವರ್ಷದ ಲೆಕ್ಕಪತ್ರವನ್ನು ಸಭೆಯ ಸಾಮಾನ್ಯ ಸದಸ್ಯರಿಗೂ ತಿಳಿಯುವಂತೆ ಇಡುವುದು ಹೇಗೆ ಎಂದು ಕೇಳಿ ನೋಡಿ. ಅರ್ಧ ಗಂಟೆ ಮಾತನಾಡುತ್ತಾರೆ. ಸೃಜನಶೀಲತೆ ಎಂದರೆ ವೇದಿಕೆ, ಹಾಡು, ವಿಡಿಯೊ, ಹೂವಿನ ಅಲಂಕಾರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದರಿಂದಾಗಿ ಕಸ ಗುಡಿಸುವವರು, ವಾಹನ ಓಡಿಸುವವರು, ಕಚೇರಿಯಲ್ಲಿ ಫೋನ್ ಎತ್ತುವವರು, ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ತಾವಾಗಿಯೇ ಹಿಂದೆ ಸರಿಯುತ್ತಾರೆ.

ಬೈಬಲ್ ಹಾಗೆ ಹೇಳುವುದಿಲ್ಲ. ವಿಮೋಚನಕಾಂಡದ 31ನೇ ಅಧ್ಯಾಯದಲ್ಲಿ ದೇವರ ಆತ್ಮದಿಂದ ತುಂಬಿದವನು ಎಂದು ಹೇಳಿರುವುದು ಯಾಜಕನ ಬಗ್ಗೆ ಅಲ್ಲ, ಬೆಚಲೇಲ ಎಂಬ ಕುಶಲಕರ್ಮಿಯ ಬಗ್ಗೆ. ಚಿನ್ನ, ಬೆಳ್ಳಿ, ತಾಮ್ರ, ರತ್ನ, ಮರ ಇವುಗಳಲ್ಲಿ ಕೆಲಸ ಮಾಡಿದವನು ಅವನು. 35ನೇ ಅಧ್ಯಾಯಕ್ಕೆ ಬಂದರೆ ಆಡಿನ ಕೂದಲನ್ನು ನೂತ ಹೆಂಗಸರ ಕೌಶಲವೂ ದೇವದರ್ಶನದ ಗುಡಾರದ, ಅಂದರೆ ಇಸ್ರಾಯೇಲ್ಯರು ಆರಾಧನೆಗಾಗಿ ಕಟ್ಟಿದ ಗುಡಾರದ, ಲೆಕ್ಕದಲ್ಲಿ ಸೇರಿದೆ. ಬೆಚಲೇಲನಿಗೂ ಅವನ ಜೊತೆಗಾರ ಒಹೊಲೀಯಾಬನಿಗೂ ಇತರರಿಗೆ ಕಲಿಸುವ ವರವನ್ನೂ ಕೊಡಲಾಗಿತ್ತು. ಈ ಭಾಗವನ್ನು ಸಿಬ್ಬಂದಿಯ ಪ್ರಾರ್ಥನೆಯ ಹೊತ್ತಿನಲ್ಲಿ ಒಮ್ಮೆ ನಿಧಾನವಾಗಿ ಓದಿಸಿ. ಕೈಕೆಲಸದವರು ತಲೆ ಎತ್ತಿ ಕೇಳುವುದನ್ನು ನಾನು ಕಂಡಿದ್ದೇನೆ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಚರ್ಚಿನ ಕುರ್ಚಿಗಳನ್ನು ಜೋಡಿಸುವ ಹಿರಿಯರೊಬ್ಬರಿದ್ದರು. ಗಾಲಿಕುರ್ಚಿಯಲ್ಲಿ ಬರುವವರು ಪ್ರತಿ ಭಾನುವಾರ ಕೊನೆಯ ಸಾಲಿನ ಹಿಂದೆ, ಬಾಗಿಲ ಪಕ್ಕದಲ್ಲಿ ಉಳಿಯುತ್ತಿದ್ದರು. ಅವರ ಮನೆಯವರು ಮುಂದೆಲ್ಲೋ ಕೂರುತ್ತಿದ್ದರು. ಇದನ್ನು ನಾವೆಲ್ಲರೂ ನೋಡಿದ್ದೆವು, ಆದರೆ ಗಮನಿಸಿದವರು ಅವರೊಬ್ಬರೇ. ಒಂದು ಶನಿವಾರ ಸಂಜೆ ಮೂರನೆಯ, ಆರನೆಯ ಮತ್ತು ಒಂಬತ್ತನೆಯ ಸಾಲುಗಳಿಂದ ಒಂದೊಂದು ಕುರ್ಚಿ ತೆಗೆದು, ನೆಲದ ಮೇಲೆ ಬಿಳಿ ಟೇಪಿನಿಂದ ಚೌಕ ಹಾಕಿದರು. ಸಾಲಿನ ತುದಿಯಲ್ಲಿ ಜಾಗ ಬಿಟ್ಟರೆ ಓಡಾಡುವವರಿಗೆ ಅಡ್ಡವಾಗುತ್ತದೆ, ಆದ್ದರಿಂದ ತುದಿಯಿಂದ ಎರಡನೆಯದನ್ನು ತೆಗೆದು, ತುದಿಯ ಕುರ್ಚಿಯನ್ನು ಹಗುರವಾದ, ಸರಿಸಬಹುದಾದ ಕುರ್ಚಿಗೆ ಬದಲಾಯಿಸಿದ್ದರು. ಮರುದಿನ ಆ ಮನೆಯವರೆಲ್ಲ ಒಂದೇ ಸಾಲಿನಲ್ಲಿ, ಒಂದೇ ಹಾಡಿನ ಪುಸ್ತಕ ಹಿಡಿದು ಕುಳಿತರು. ಯಾವ ವಿನ್ಯಾಸಕಾರರಿಗೆ ಹೇಳಿದ್ದರೂ ತುದಿಯ ಕುರ್ಚಿಯ ಸೂಕ್ಷ್ಮ ಹೊಳೆಯುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಇಲ್ಲಿ ಮುಖ್ಯವಾದದ್ದು, ಆ ಹಿರಿಯರು ಯಾರ ಒಪ್ಪಿಗೆಗೂ ಕಾಯಬೇಕಿರಲಿಲ್ಲ. ಕುರ್ಚಿಗಳ ವಿಷಯ ನಿಮ್ಮದು, ನೀವೇ ತೀರ್ಮಾನಿಸಿ ಎಂದು ಸಭಾಪಾಲಕರು ಮೊದಲೇ ಹೇಳಿದ್ದರು. ನನ್ನ ಉತ್ತರದ ತಿರುಳೂ ಇದೇ: ಸಲಹೆ ಕೇಳುವುದಕ್ಕಿಂತ ಅಧಿಕಾರ ಬಿಟ್ಟುಕೊಡಿ. ಪ್ರತಿಯೊಬ್ಬರ ಕೆಲಸದಲ್ಲೂ ಯಾರನ್ನೂ ಕೇಳದೆ ಬದಲಾಯಿಸಬಹುದಾದ ಒಂದು ಭಾಗವನ್ನು ಗೊತ್ತುಮಾಡಿ, ಅದಕ್ಕೊಂದಿಷ್ಟು ಹಣವನ್ನೂ ಬಜೆಟ್‌ನಲ್ಲಿ ತೆಗೆದಿಡಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ, ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗ ಅಪೊಸ್ತಲರು ತಾವೇ ಪರಿಹಾರ ಹುಡುಕಲು ಕೂರಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರಿ ಎಂದು ಶಿಷ್ಯರಿಗೇ ಹೇಳಿ, ಆ ಕೆಲಸವನ್ನು ಪೂರ್ತಿಯಾಗಿ ಅವರಿಗೆ ಒಪ್ಪಿಸಿದರು. ಆ ಏಳು ಹೆಸರುಗಳನ್ನು ಗಮನಿಸಿ. ಎಲ್ಲವೂ ಗ್ರೀಕ್ ಹೆಸರುಗಳೇ. ನೋವು ಯಾರ ಕಡೆಯದೋ ಅವರ ಕಡೆಯವರ ಕೈಗೇ ಪರಿಹಾರದ ಹೊಣೆ ಹೋಯಿತು.

ಇನ್ನು ಮೀಟಿಂಗಿನ ವಿಷಯ. ಎಲ್ಲರೂ ಒಟ್ಟಿಗೆ ಕುಳಿತು ಬಾಯಿಗೆ ಬಂದ ಆಲೋಚನೆ ಹೇಳುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು, ನಾಲ್ವರು ಒಟ್ಟಿಗೆ ಕುಳಿತು ಯೋಚಿಸುವುದಕ್ಕಿಂತ ನಾಲ್ವರು ಬೇರೆ ಬೇರೆಯಾಗಿ ಯೋಚಿಸಿದ್ದನ್ನು ಕೂಡಿಸಿದರೆ ಹೆಚ್ಚು ಆಲೋಚನೆಗಳು ಸಿಗುತ್ತವೆ ಎಂದು ತೋರಿಸಿದರು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ. ಮೇಲಿನವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕೂ ಇರುತ್ತದೆ. ಚರ್ಚಿನಲ್ಲಂತೂ ಸಭಾಪಾಲಕರ ಮೇಲಿನ ಗೌರವದಿಂದ ಆ ಅಳುಕು ಇಮ್ಮಡಿಯಾಗುತ್ತದೆ. ಆದ್ದರಿಂದ ಪ್ರಶ್ನೆಯನ್ನು ಎರಡು ದಿನ ಮೊದಲೇ ಕೊಡಿ. ಮೀಟಿಂಗಿನ ಮೊದಲ ಹತ್ತು ನಿಮಿಷ ಮೌನವಾಗಿ ಬರೆಯಲು ಬಿಡಿ. ಬರೆಯಲು ಹಿಂಜರಿಯುವವರಿದ್ದರೆ ಅವರ ಜೊತೆ ಅವರ ಕೆಲಸದ ಜಾಗದಲ್ಲೇ ಮೊದಲು ಮಾತನಾಡಿ ಬನ್ನಿ. ಪ್ರಶ್ನೆಯೂ ಸಣ್ಣದಾಗಿರಲಿ: ‘ಈ ತಿಂಗಳು ನಿಮ್ಮ ಕಣ್ಣೆದುರು ಯಾರು ಪೇಚಾಡಿದರು?’ ಎಂಬಂತಹ ಪ್ರಶ್ನೆಗೆ ಎಲ್ಲರಲ್ಲೂ ಉತ್ತರವಿರುತ್ತದೆ.

ಸಭಾಪಾಲಕರು ಕೊನೆಯಲ್ಲಿ ಮಾತನಾಡಬೇಕು. ಇದು ಹೊಸ ಕಾಲದ ಆಡಳಿತ ಶಾಸ್ತ್ರ ಕಂಡುಹಿಡಿದದ್ದೇನಲ್ಲ. ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ಸನ್ಯಾಸಿಗಳಿಗಾಗಿ ಬರೆದ ನಿಯಮಗಳ 3ನೇ ಅಧ್ಯಾಯ, ದೊಡ್ಡ ವಿಷಯ ಬಂದಾಗ ಮಠದ ಎಲ್ಲರನ್ನೂ ಕರೆದು ಕೇಳಬೇಕು ಎನ್ನುತ್ತದೆ. ಉತ್ತಮವಾದದ್ದನ್ನು ಕರ್ತನು ಎಷ್ಟೋ ಸಲ ಕಿರಿಯರಿಗೇ ತೋರಿಸುತ್ತಾನೆ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಎಲ್ಲರ ಮಾತು ಕೇಳಿದ ಮೇಲೆ ತೀರ್ಮಾನ ಮಠಾಧಿಪತಿಯದೇ. ಹಾಗಾಗಿ ಇದರಿಂದ ನಾಯಕತ್ವಕ್ಕೆ ಕುಂದು ಬರುತ್ತದೆ ಎಂದು ಯಾರೂ ಹೆದರಬೇಕಾಗಿಲ್ಲ.

ಮೊದಲ ಸಲಹೆಗೆ ನೀವು ಕೊಡುವ ಪ್ರತಿಕ್ರಿಯೆಯನ್ನು ಇಡೀ ಸಿಬ್ಬಂದಿ ನೋಡುತ್ತಿರುತ್ತದೆ. ‘ನೋಡೋಣ’ ಎಂದು ಹೇಳಿ ಮರೆತರೆ ಅಲ್ಲಿಗೆ ಮುಗಿಯಿತು. ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಎಂದು ಒಂದು ವಾರದೊಳಗೆ ಅವರ ಬಳಿಗೇ ಹೋಗಿ ಹೇಳಿ. ನಾನು ಬಲ್ಲ ಕಚೇರಿ ಸಹಾಯಕಿಯೊಬ್ಬರು ಸಮಾಧಿ ರಿಜಿಸ್ಟರ್ ನೋಡಿ, ಮರಣ ಸಂಭವಿಸಿದ ಮನೆಗೆ ಒಂದು ವರ್ಷ ತುಂಬುವ ವಾರ ಸಭೆಯ ಪರವಾಗಿ ಪತ್ರ ಬರೆಯೋಣ ಎಂದಿದ್ದರು. ಪ್ರತಿ ಮನೆಗೂ ಕೈಬರಹದ ಪತ್ರ ಬರೆಯುವುದು ಅವರೊಬ್ಬರಿಂದ ಆಗುವ ಕೆಲಸವಾಗಿರಲಿಲ್ಲ; ಆ ಕಷ್ಟವನ್ನು ಅವರ ಮುಂದೆಯೇ ಇಟ್ಟಾಗ, ಗಾನವೃಂದದಲ್ಲಿ ಹಾಡುವುದನ್ನು ಬಿಟ್ಟಿದ್ದ ಹಿರಿಯರಿಂದ ಬರೆಸುವ ದಾರಿಯನ್ನು ಅವರೇ ಕಂಡುಕೊಂಡರು.

ಹೊಸತನ ಬೇಡವಾದ ಜಾಗಗಳೂ ಇವೆ, ಅದನ್ನೂ ಬಾಯಿಬಿಟ್ಟು ಹೇಳಿಬಿಡಿ. ಕಾಣಿಕೆಯ ಹಣ ಎಣಿಸುವಾಗ ಇಬ್ಬರಿರಬೇಕು, ಮಕ್ಕಳ ಜೊತೆ ದೊಡ್ಡವರೊಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು, ಯಾರೋ ಗುಟ್ಟಾಗಿ ಹೇಳಿಕೊಂಡ ಕಷ್ಟ ಹೊರಗೆ ಹೋಗಬಾರದು. ಇವುಗಳಲ್ಲಿ ಪ್ರಯೋಗ ಸಲ್ಲದು. ಗಡಿ ಎಲ್ಲಿದೆ ಎಂದು ಗೊತ್ತಿದ್ದರೆ ಒಳಗಿನ ಜಾಗದಲ್ಲಿ ಜನ ಧೈರ್ಯವಾಗಿ ಓಡಾಡುತ್ತಾರೆ. ಹಾಗೆಯೇ, ಬೆಳಿಗ್ಗೆಯಿಂದ ರಾತ್ರಿಯವರೆಗೆ ದುಡಿಸಿಕೊಂಡು ಹೊಸದನ್ನು ಯೋಚಿಸಿ ಎನ್ನುವುದು ನ್ಯಾಯವಲ್ಲ. ಭಾನುವಾರ ಕೆಲಸ ಮಾಡುವವರಿಗೆ ವಾರದಲ್ಲಿ ಬೇರೊಂದು ದಿನ ಪೂರ್ತಿ ರಜೆ ಸಿಗುತ್ತಿದೆಯೇ ಎಂದು ಮೊದಲು ನೋಡಿ.

ಬಹುಮಾನ ಬೇಡ ಎನ್ನುತ್ತೇನೆ. ಒಬ್ಬರಿಗೆ ಬಹುಮಾನ ಬಂದ ದಿನ ಉಳಿದವರ ಸಲಹೆಗಳು ಸೋತವು ಎಂದಾಗುತ್ತದೆ. ಜೊತೆಗೆ, ಬೇಗ ಕಣ್ಣಿಗೆ ಬೀಳುವ ಕೆಲಸದವರೇ ಪ್ರತಿ ಸಲ ಗೆಲ್ಲುತ್ತಾರೆ. ಆ ಹಣವನ್ನು ಅವರವರ ಕೆಲಸಕ್ಕೆ ಬೇಕಾದ ಉಪಕರಣಕ್ಕೋ ತರಬೇತಿಗೋ ಕೊಡಿ. ಆಲೋಚನೆ ಕಾರ್ಯರೂಪಕ್ಕೆ ಬಂದಾಗ ಯಾರದೆಂದು ಸಭೆಗೆ ಹೆಸರು ಹೇಳಿ ತಿಳಿಸಿ. ಕೆಲವರಿಗೆ ಎಲ್ಲರೆದುರು ಹೆಸರು ಕೇಳಿಸಿಕೊಳ್ಳಲು ಸಂಕೋಚವಿರುತ್ತದೆ, ಆದ್ದರಿಂದ ಅದಕ್ಕೂ ಮೊದಲು ಅವರನ್ನು ಒಂದು ಮಾತು ಕೇಳಿ.