ಕಡೇ ಗಳಿಗೆಯಲ್ಲಿ ತಪ್ಪಾಯ್ತು ಅಂದರೆ ಎಲ್ಲ ಮಾಫಿಯೇ?

ನಿಮ್ಮ ಪ್ರಶ್ನೆ ಇಷ್ಟು: ಬದುಕೆಲ್ಲ ಕೆಡುಕು ಮಾಡಿದವನು ಸಾಯುವ ಹೊತ್ತಿಗೆ "ತಪ್ಪಾಯ್ತು" ಅಂದರೆ ಕ್ರೈಸ್ತರ ದೇವರು ಕ್ಷಮಿಸಿಬಿಡುತ್ತಾನಂತೆ, ಹಾಗಾದರೆ ನೆಟ್ಟಗೆ ಬದುಕಿದವರು ದಡ್ಡರೇ, ಪೆಟ್ಟು ತಿಂದವರ ಗತಿ ಏನು? ಇದನ್ನೇ ನಾನೂ ದೇವರನ್ನು ಕೇಳಿದ್ದೇನೆ, ಅದೂ ಸಿಟ್ಟಿನಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಗದಗ-ಬೆಟಗೇರಿಯ ಕಡೆ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಬಂದ ಕ್ರೈಸ್ತ ಮನೆತನ. ನಾನು ಪುಣೆಗೆ ಬಂದು 19 ವರ್ಷವಾಯಿತು. ಕಟ್ಟಡದ ಕೆಲಸ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಮಜೂರರ ಅಡ್ಡಾಕ್ಕೆ ಹೋಗಿ ಆಳು ಕರೆತರುವುದು, ಹಾಜರಿ ಬರೆಯುವುದು, ಶನಿವಾರ ಪಗಾರ ಹಂಚುವುದು. ಚಿಕ್ಕಪ್ಪನ ಮಗನನ್ನೂ ಊರಿಂದ ಕರೆತಂದು ಇದೇ ಕೆಲಸಕ್ಕೆ ಹಚ್ಚಿದ್ದೆ. ಒಂದು ಶನಿವಾರ 23 ಜನರ ವಾರದ ಪಗಾರ ಅವನ ಕೈಗೆ ಕೊಟ್ಟು ಕಳಿಸಿದೆ. ಅವನು ಸೈಟಿಗೆ ಹೋಗಲೇ ಇಲ್ಲ. ಫೋನ್ ಬಂದ್. ಹೆಂಡತಿಯ ಬಳೆ ಒತ್ತೆಯಿಟ್ಟು 22 ಜನರಿಗೆ ಕೊಟ್ಟೆ. ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು ಮಾತ್ರ ಅಷ್ಟರಲ್ಲಿ ಕೂಸನ್ನು ಕಟ್ಟಿಕೊಂಡು ಬರಿಗೈಯಲ್ಲಿ ಊರಿಗೆ ಹೋಗಿಬಿಟ್ಟಿದ್ದಳು.

ನಾಲ್ಕು ವರ್ಷದ ಮೇಲೆ ಒಂದು ರಾತ್ರಿ ಅವನು ಬಾಗಿಲಲ್ಲಿ ನಿಂತಿದ್ದ, ಸೊರಗಿ ಕಡ್ಡಿಯಾಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಮೊದಲ ಉಣ್ಣಲಿ, ಆಮ್ಯಾಲ ಕೇಳ್ರಿ" ಅಂದಳು. ಬಳೆ ಕಳೆದುಕೊಂಡವಳೇ ಬಡಿಸುತ್ತಿದ್ದಳು. ಅವನು ರೊಟ್ಟಿ ಮುರಿಯುವುದನ್ನು ನೋಡುತ್ತ ನನ್ನ ಮೈಯೆಲ್ಲ ಉರಿಯಿತು.

ಆ ವಾರ ನಾನು ಮತ್ತೆ ಮತ್ತೆ ಓದಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ. ಕೂಲಿಯ ಲೆಕ್ಕದ ಕಥೆ, ನನ್ನ ಕೆಲಸದ್ದೇ ಮಾತು. ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆ ಕೆಲವರನ್ನು ಕರೆಯುತ್ತಾನೆ, ಮಧ್ಯಾಹ್ನ ಕೆಲವರನ್ನು, ಸಂಜೆ ಐದರ ಸುಮಾರಿಗೆ ಇನ್ನೂ ಕೆಲವರನ್ನು. "ದಿನವೆಲ್ಲ ಸುಮ್ಮನೆ ಯಾಕೆ ನಿಂತಿರಿ?" ಅಂದರೆ, "ನಮ್ಮನ್ನು ಯಾರೂ ಕರೆಯಲಿಲ್ಲ" ಅನ್ನುತ್ತಾರೆ. ಎಲ್ಲರಿಗೂ ಪೂರ್ತಿ ದಿನದ ಕೂಲಿ. ಬೆಳಗಿನವರು ಗೊಣಗುತ್ತಾರೆ.

ಬಹಳ ವರ್ಷ ನಾನೂ ಅವರ ಜೊತೆ ಗೊಣಗಿದವನೇ. ಆದರೆ ಅಡ್ಡಾ ನೋಡಿದವರಿಗೆ ಗೊತ್ತು: 8 ಗಂಟೆಗೆ ಗಟ್ಟಿಮುಟ್ಟಾದ ಹುಡುಗರು ಟೆಂಪೋ ಹತ್ತಿ ಹೋಗುತ್ತಾರೆ. 10 ಗಂಟೆಗೂ ಅಲ್ಲೇ ಉಳಿದವರೆಂದರೆ ವಯಸ್ಸಾದವರು, ಕೂಸು ಎತ್ತಿಕೊಂಡವರು, ಹಿಂದೆ ಏನೋ ಮಾಡಿ ಹೆಸರು ಕೆಡಿಸಿಕೊಂಡವರು. ಆಮೇಲೆ ಬುತ್ತಿ ಬಿಚ್ಚದೆಯೇ ಮನೆಗೆ ಹೊರಡುತ್ತಾರೆ. ಅವರ ಮನೆಯಲ್ಲೂ ಸಂಜೆ ಒಲೆ ಹೊತ್ತಬೇಕಲ್ಲ? ಯಜಮಾನ ಆ ಒಲೆಯ ಲೆಕ್ಕ ಹಿಡಿದ. ಬೆಳಗಿನವರಿಗೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ, "ನಾನು ಒಳ್ಳೆಯವನಾದರೆ ನಿನಗೇಕೆ ಹೊಟ್ಟೆಕಿಚ್ಚು?" ಎಂದಷ್ಟೇ ಕೇಳಿದ. ನೆಟ್ಟಗೆ ಬದುಕಿದವರು ದಡ್ಡರಲ್ಲ. ದಿನವೆಲ್ಲ ಯಾರಿಗೂ ಬೇಡವಾಗಿ ನಿಂತವನ ಸಂಕಟ ಅವರಿಗೆ ತಪ್ಪಿತು, ಅದೂ ಒಂದು ಸಂಪಾದನೆಯೇ.

ಕಡೇ ಗಳಿಗೆಯ ಕ್ಷಮೆ ಅಂದಾಗ ನಿಮ್ಮ ಮನಸ್ಸಿನಲ್ಲಿದ್ದವನು ಯೇಸುಸ್ವಾಮಿಯ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನಿರಬೇಕು; ಲೂಕನ 23ನೇ ಅಧ್ಯಾಯ. ಅವನ ಮಾತನ್ನು ನಿಧಾನ ಓದಿ. ನನ್ನನ್ನು ಇಳಿಸು ಅನ್ನುವುದಿಲ್ಲ. ನಮಗೆ ಆಗುತ್ತಿರುವುದು ನ್ಯಾಯವೇ, ಮಾಡಿದ್ದಕ್ಕೆ ತಕ್ಕದ್ದು ಅನ್ನುತ್ತಾನೆ, ಆಮೇಲೆ ನನ್ನನ್ನು ನೆನಸಿಕೋ ಅನ್ನುತ್ತಾನೆ. ಈ ಹೊತ್ತೇ ನೀನು ನನ್ನ ಸಂಗಡ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರುವೆ ಎಂಬ ಯೇಸುವಿನ ಮಾತು ಸಿಕ್ಕ ಮೇಲೂ ಅವನು ಶಿಲುಬೆಯ ಮೇಲೇ ಇದ್ದ. ಸಿಪಾಯಿಗಳು ಬಂದು ಅವನ ಕಾಲು ಮುರಿದರೆಂದು ಯೋಹಾನ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಮಾಡಿದ ತಪ್ಪಿನ ಫಲವನ್ನು ಕ್ಷಮೆ ಒರೆಸಿಹಾಕಲಿಲ್ಲ, ಆದರೆ ಅದನ್ನು ಅವನು ಒಬ್ಬನೇ ಅನುಭವಿಸುವಂತೆಯೂ ಬಿಡಲಿಲ್ಲ.

ಇನ್ನು ಪೆಟ್ಟು ತಿಂದವರು. ಸುಂಕದವನಾದ ಜಕ್ಕಾಯನ ಮನೆಗೆ ಯೇಸು ಉಳಿಯಲು ಹೋದ ಮೇಲೆ ಅವನು ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಎಂದ. ದಯೆ ಮೊದಲು ಬಂತು, ಹಣ ಆಮೇಲೆ. ಆದರೆ ಬಂದೇ ಬಂತು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಪುಣೆಯಿಂದ ದೌಂಡ್ ಕಡೆಯ ರೈಲು ಹತ್ತಿ ಕೇಡಗಾಂವ್‌ನಲ್ಲಿ ಇಳಿಯಿರಿ. ವಿಧವೆಯರಿಗೂ ಅನಾಥರಿಗೂ ಆಸರೆಯಾಗಿ ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಅಲ್ಲಿದೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು ಆಕೆ, ಅದಕ್ಕೆ ನನಗೆ ಇನ್ನಷ್ಟು ಹತ್ತಿರ. ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ, ಜನ 'ಕೆಟ್ಟವಳು' ಎಂದು ಹೊರದೂಡಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಅಕ್ಕರೆಯಿಂದ ನೋಡಿಕೊಳ್ಳುವುದು ಕಂಡು, ಇದು ಯಾಕೆ ಎಂದು ಕೇಳಿದರು. ಉತ್ತರವಾಗಿ ಸಿಕ್ಕದ್ದು ಸಮಾರ್ಯದ ಹೆಂಗಸಿನ ಕಥೆ: ಐವರು ಗಂಡಂದಿರನ್ನು ಕಂಡವಳ ಮುಂದೆ ಬಾವಿಕಟ್ಟೆಯಲ್ಲಿ ಕೂತು ಯೇಸು ಕುಡಿಯಲು ನೀರು ಕೇಳಿದ್ದು. 1883ರಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಮುಂದೆ ಕೇಡಗಾಂವ್‌ನಲ್ಲಿ ಅಂಥ ಹೆಂಗಸರಿಗಾಗಿಯೇ ಒಂದು ಮನೆ ಕಟ್ಟಿ 'ಕೃಪಾಸದನ' ಎಂದು ಹೆಸರಿಟ್ಟರು.

ನನ್ನ ತಮ್ಮ ಈಗ ನನ್ನ ಸೈಟಿನಲ್ಲೇ ಇದ್ದಾನೆ. ಪಗಾರದ ಚೀಲ ಅವನ ಕೈಗೆ ಕೊಡುವುದಿಲ್ಲ. ಬೇಡ ಎಂದವನು ಅವನೇ. ತಿಂಗಳು ತಿಂಗಳು ಕಟ್ಟಿ ಬಳೆ ಬಿಡಿಸಿದ. ಕಳೆದ ವರ್ಷ ಆಳು ಒದಗಿಸುವ ಮುಕಾದಮನಿಂದ ಆ ಹೆಣ್ಣುಮಗಳ ಊರು ತಿಳಿದುಕೊಂಡು, ವಾರದ ಪಗಾರದ ನಾಲ್ಕರಷ್ಟು ಜೇಬಿನಲ್ಲಿಟ್ಟುಕೊಂಡು ಹೋದ. ಆಕೆ ಕೂತ್ಕೋ ಅನ್ನಲಿಲ್ಲವಂತೆ, ನೀರೂ ಕೊಡಲಿಲ್ಲವಂತೆ. ದೇವರು ಕ್ಷಮಿಸಿದ್ದಾನೆ ನೀನೂ ಕ್ಷಮಿಸು ಎಂದು ಆಕೆಗೆ ಹೇಳುವ ಹಕ್ಕು ಅವನಿಗಿರಲಿಲ್ಲ, ಅವನು ಹೇಳಲೂ ಇಲ್ಲ. ಆಕೆ ಎಣಿಸಿ, "ನಂದೆಷ್ಟೋ ಅಷ್ಟ ಸಾಕು" ಎಂದು ತನ್ನ ವಾರದ ಪಗಾರ ತೆಗೆದುಕೊಂಡಳು. ಮಿಕ್ಕದ್ದನ್ನು ಮಗಳ ಕೈಯಲ್ಲಿ ವಾಪಸು ಕಳಿಸಿದಳು. ಅಂದು ಬೆನ್ನಿಗೆ ಕಟ್ಟಿಕೊಂಡು ಹೋದ ಕೂಸು ಅದು, ಈಗ ಶಾಲೆಗೆ ಹೋಗುತ್ತಿದೆ.