ಪತ್ರದಲ್ಲಿ ಇರುವುದು ರೆಸ್ಯುಮೆಯಲ್ಲಿ ಯಾಕಿಲ್ಲ?

ಪೀಣ್ಯದ ಕಾರ್ಖಾನೆಗಳ ಕ್ವಾಲಿಟಿ ವಿಭಾಗದಲ್ಲಿ 31 ವರ್ಷ ಇದ್ದೆ. 1991ರಲ್ಲಿ ಟ್ರೈನಿ ಇನ್‌ಸ್ಪೆಕ್ಟರ್ ಆಗಿ ಸೇರಿದಾಗ ನಮ್ಮ ಶೆಡ್‌ನಲ್ಲಿ ನಾನೊಬ್ಬಳೇ ಹೆಂಗಸು. 2022ರಲ್ಲಿ ಬಿಡುವ ಹೊತ್ತಿಗೆ ಹದಿನೈದು ವರ್ಷದಿಂದ ಇಂಟರ್‌ವ್ಯೂ ಮಾಡುವವರ ಕಡೆ ಕೂತಿದ್ದೆ. ಆ ಕಡೆಯಿಂದ ಕಂಡದ್ದನ್ನೇ ಇಲ್ಲಿ ಹೇಳುತ್ತೇನೆ. ಈ ಸಲ ಆರು ಪತ್ರ.

ಮೇಡಂ, ನಾನು ಮೆಕ್ಯಾನಿಕಲ್ ಡಿಪ್ಲೊಮಾ. ಗಾಡಿಗಳ ಬಿಡಿಭಾಗ ಮಾಡುವ ಕಂಪನಿಯಲ್ಲಿ ಆರು ವರ್ಷದಿಂದ ಕ್ವಾಲಿಟಿ ಎಂಜಿನಿಯರ್. ಬೇರೆ ಕಡೆ ಹುಡುಕುತ್ತಿದ್ದೇನೆ. ಎಂಟು ತಿಂಗಳಲ್ಲಿ ಬಂದಿದ್ದು ಎರಡೇ ಕರೆ. ರೆಸ್ಯುಮೆ ಜೊತೆಗಿಟ್ಟಿದ್ದೇನೆ. ಹೇಳಿಕೊಳ್ಳುವಂಥ ಕೆಲಸ ಏನೂ ಮಾಡಿಲ್ಲ. ಹೋದ ವರ್ಷ ಒಂದು ಹೌಸಿಂಗ್‌ನ (ಹೊರಕವಚದ) ಬೋರ್ ಡೆಪ್ತ್, ಅಂದರೆ ಕೊರೆದ ರಂಧ್ರದ ಆಳ, ಕಡಿಮೆ ಬಂದು ವಾರಕ್ಕೆ 40 ಪೀಸ್ ರೀವರ್ಕ್‌ಗೆ ಹೋಗುತ್ತಿತ್ತು. ಅದನ್ನು ಸರಿ ಮಾಡಿದ್ದು ಬಿಟ್ಟರೆ ದಿನಾ ಮಾಮೂಲಿ ಕೆಲಸವೇ.
– ಓದುಗರು, ದಾಸರಹಳ್ಳಿ

ನಿಮ್ಮ ರೆಸ್ಯುಮೆ ನಾಲ್ಕು ಪುಟ ಇದೆ. ಎರಡು ಸಲ ಓದಿದೆ. ಆ 40 ಪೀಸಿನ ಸುದ್ದಿ ಎಲ್ಲೂ ಇಲ್ಲ. ಅದು ಇರುವುದು ಪತ್ರದಲ್ಲಿ, ಅದೂ ‘ಬಿಟ್ಟರೆ’ ಅನ್ನುವ ಮಾತಿನ ಹಿಂದೆ.

ಹಾಗಾದರೆ ರೆಸ್ಯುಮೆಯಲ್ಲಿ ಏನಿದೆ? ಮೊದಲಿಗೆ, ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವ ಆಸೆ. ಈ ಆಸೆಯನ್ನು ನಾನು ಎಷ್ಟು ಸಲ ಓದಿದ್ದೇನೋ, ದೇವರಿಗೇ ಗೊತ್ತು. ಕೆಳಗೆ ಇನ್‌ಕಮಿಂಗ್ ಇನ್‌ಸ್ಪೆಕ್ಷನ್ ಜವಾಬ್ದಾರಿ, ಇನ್‌ಪ್ರೊಸೆಸ್ ಇನ್‌ಸ್ಪೆಕ್ಷನ್ ಜವಾಬ್ದಾರಿ, ಫೈನಲ್ ಇನ್‌ಸ್ಪೆಕ್ಷನ್ ಜವಾಬ್ದಾರಿ. ಕ್ವಾಲಿಟಿಯಲ್ಲಿ ಇರುವವರಿಗೆಲ್ಲ ಇವು ಇದ್ದೇ ಇರುತ್ತವೆ. ನಿಮ್ಮ ಹೆಸರು ಅಳಿಸಿ ಪಕ್ಕದ ಶೆಡ್‌ನವರ ಹೆಸರು ಹಾಕಿದರೂ ಏನೂ ವ್ಯತ್ಯಾಸ ಆಗುವುದಿಲ್ಲ.

ಈಗ ಪತ್ರದ ಎರಡನೇ ಹಾಳೆಗೆ ಬರುತ್ತೇನೆ. ಜಾಗ ಸಾಲದೆ ಅದನ್ನು ಮೇಲೆ ಹಾಕಿಲ್ಲ. ಅಲ್ಲಿ ಹೇಳಿದ್ದೀರಿ: ರಿಜೆಕ್ಷನ್ ಬರುತ್ತಿದ್ದದ್ದು ಬೆಳಗಿನ ಶಿಫ್ಟ್‌ನಲ್ಲಿ ಮಾತ್ರ. ಎಲ್ಲರೂ ಆಪರೇಟರ್ ಮೇಲೆ ಹಾಕಿದ್ದರು. ನೀವು ಒಂದು ವಾರ ಬೆಳಗ್ಗೆ ಆರಕ್ಕೇ ಬಂದು, ಅರ್ಧ ಗಂಟೆಗೊಂದು ಪೀಸ್ ಅಳೆದು ಚಾರ್ಟ್ ಹಾಕಿದಿರಿ. ಎಂಟೂವರೆ, ಒಂಬತ್ತರ ಹೊತ್ತಿಗೆ ಡೆಪ್ತ್ ತಾನಾಗಿಯೇ ಸರಿಹೋಗುತ್ತಿತ್ತು. ಸೆಟ್ಟರ್ ಹಿಂದಿನ ದಿನ ಮಧ್ಯಾಹ್ನ ಆಫ್‌ಸೆಟ್ (ಟೂಲ್ ಎಷ್ಟು ಇಳಿಯಬೇಕು ಅನ್ನುವ ಲೆಕ್ಕ) ಕೊಟ್ಟಾಗ ವಿಎಂಸಿ, ಅಂದರೆ ಕಂಪ್ಯೂಟರ್ ನಡೆಸುವ ಆ ಮಿಷನ್, ಬಿಸಿಯಾಗಿ, ಟೂಲ್ ಹಿಡಿದು ತಿರುಗುವ ಸ್ಪಿಂಡಲ್ ಒಂದಿಷ್ಟು ಮೈಕ್ರಾನ್ ಹಿಗ್ಗಿರುತ್ತಿತ್ತು. ರಾತ್ರಿಯೆಲ್ಲ ಮಿಷನ್ ನಿಂತು ತಣ್ಣಗಾದ ಮೇಲೆ ಅದೇ ಆಫ್‌ಸೆಟ್‌ಗೆ ಟೂಲ್ ಅಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ನೀವು 20 ನಿಮಿಷದ ವಾರ್ಮಪ್ ಪ್ರೋಗ್ರಾಂ ಹಾಕಿಸಿದಿರಿ. ಆಮೇಲೆ ಮೊದಲ ಪೀಸ್ ಅಳೆದೇ ಲೈನ್ ಬಿಡಬೇಕು ಅಂದಿರಿ. 40 ಇದ್ದದ್ದು 6ಕ್ಕೆ ಇಳಿಯಿತು. ಕಂಪನಿಗೆ ಒಂದು ರೂಪಾಯಿ ಖರ್ಚಿಲ್ಲ.

ಇದನ್ನು ಓದುತ್ತಾ ಕೂತು ನನ್ನ ಕಾಫಿ ಆರಿಹೋಯಿತು. ಇಂಥವರು ಸಿಗಲಿ ಅಂತ ತಾನೇ ನಾವು ಇಂಟರ್‌ವ್ಯೂಗೆ ಕೂರುತ್ತಿದ್ದದ್ದು!

ಕಂಪನಿ ಹೆಸರಿನ ಕೆಳಗೆ ಮೊದಲ ಸಾಲೇ ಇದು ಆಗಲಿ. ಬರೆಯುವುದು ಇಂಗ್ಲಿಷಿನಲ್ಲಿ, ಅರ್ಥ ಇಷ್ಟು: ‘ಬೆಳಗಿನ ಶಿಫ್ಟ್‌ನ ಬೋರ್ ಡೆಪ್ತ್ ದೋಷಕ್ಕೆ ಸ್ಪಿಂಡಲ್ ತಣ್ಣಗಿರುವುದೇ ಕಾರಣ ಎಂದು ಒಂದು ವಾರದ ಅಳತೆಯಿಂದ ಕಂಡುಹಿಡಿದೆ. ವಾರ್ಮಪ್ ಪ್ರೋಗ್ರಾಂ ಜಾರಿಗೆ ತಂದೆ. ವಾರದ ರೀವರ್ಕ್ 40ರಿಂದ 6ಕ್ಕೆ ಇಳಿಯಿತು.’ ವಾರಕ್ಕೆ ಒಟ್ಟು ಎಷ್ಟು ಪೀಸ್ ಮಾಡುತ್ತೀರಿ ಅನ್ನುವುದನ್ನೂ ಸೇರಿಸಿ. ಅದನ್ನು ನನಗೂ ಹೇಳಿಲ್ಲ ನೀವು. 400ರಲ್ಲಿ 40 ಬೇರೆ, 4,000ದಲ್ಲಿ 40 ಬೇರೆ, ಅಲ್ವಾ? ಗಿರಾಕಿ ಕಂಪನಿಯ ಹೆಸರು, ಪಾರ್ಟ್ ನಂಬರ್ ಮಾತ್ರ ಬರೆಯಬೇಡಿ. ಅದು ನಿಮ್ಮ ಈಗಿನ ಕಂಪನಿಯ ಗುಟ್ಟು. ಇವತ್ತು ಅವರ ಗುಟ್ಟು ಬಿಟ್ಟವರು ನಾಳೆ ನಮ್ಮದನ್ನೂ ಬಿಡುತ್ತಾರೆ ಅಂತ ಎದುರಿನವರು ಲೆಕ್ಕ ಹಾಕುತ್ತಾರೆ.

ಇಂಥವು ಇನ್ನೂ ನಾಲ್ಕೈದು ಇದ್ದೇ ಇರುತ್ತವೆ. ಹಳೇ ಕಂಪ್ಲೇಂಟ್ ಫೈಲ್, ದೋಷದ ಕಾರಣ ಹುಡುಕಿ ಬರೆದ 8ಡಿ ರಿಪೋರ್ಟ್ ತೆಗೆದು ನೋಡಿ, ನೆನಪಾಗುತ್ತವೆ.

ಎರಡು ಸಣ್ಣ ತಪ್ಪು. ಗಾಡಿ ಬಿಡಿಭಾಗದ ಕಂಪನಿಗಳ ಕ್ವಾಲಿಟಿ ಮಾನದಂಡಕ್ಕೆ ‘ಟಿಎಸ್ 16949’ ಅಂತ ಬರೆದಿದ್ದೀರಿ. ಅದು 2016ರಲ್ಲೇ ಐಎಟಿಎಫ್ 16949 ಆಯಿತು. ಎಫ್‌ಎಂಇಎಯಲ್ಲಿ (ಎಲ್ಲಿ ಏನು ಕೆಡಬಹುದು ಅಂತ ಮೊದಲೇ ಹಾಕುವ ಲೆಕ್ಕ) ಆರ್‌ಪಿಎನ್, ಅಂದರೆ ಅಪಾಯದ ಅಂಕ, ಇಳಿಸಿದೆ ಅಂದಿದ್ದೀರಿ. 2019ರ ಹೊಸ ಕೈಪಿಡಿಯಲ್ಲಿ ಆರ್‌ಪಿಎನ್ ಜಾಗಕ್ಕೆ ಯಾವುದನ್ನು ಮೊದಲು ಸರಿಪಡಿಸಬೇಕು ಅನ್ನುವ ಆ್ಯಕ್ಷನ್ ಪ್ರಯಾರಿಟಿ ಬಂದಿದೆ. ನಿಮ್ಮ ಕಂಪನಿಯಲ್ಲಿ ಇನ್ನೂ ಹಳೆಯದೇ ನಡೆಯುತ್ತಿರಬಹುದು. ಆದರೂ ಹೊಸದು ಗೊತ್ತು ಅಂತ ತೋರಿಸಿ.

ಸಾಫ್ಟ್‌ವೇರ್ ಪಟ್ಟಿಯಲ್ಲಿ ಹನ್ನೊಂದು ಹೆಸರಿವೆ. ದಿನಾ ಬಳಸುವುದನ್ನು ಮಾತ್ರ ಉಳಿಸಿ. ಇದು ನಾನು ಪೆಟ್ಟು ತಿಂದು ಕಲಿತದ್ದು. 1991ರಲ್ಲಿ ರಾಜಾಜಿನಗರದ ಟೈಪಿಂಗ್ ಅಂಗಡಿಯಲ್ಲಿ ನನ್ನ ಬಯೋಡೇಟಾ ಟೈಪ್ ಮಾಡಿಸಿದೆ. ಹಾಬಿ ಏನು ಅಂತ ಅಂಗಡಿಯವರು ಕೇಳಿದರು. ನನಗೆ ಏನೂ ಇರಲಿಲ್ಲ. ‘ಸ್ಟ್ಯಾಂಪ್ ಸಂಗ್ರಹ ಅಂತ ಹಾಕ್ತೀನಿ ಬಿಡಿ, ಎಲ್ಲರೂ ಅದೇ ಹಾಕಿಸೋದು’ ಅಂದರು. ಇಂಟರ್‌ವ್ಯೂಗೆ ಕೂತಿದ್ದ ಹಿರಿಯರು ನಿಜವಾಗಿಯೂ ಸ್ಟ್ಯಾಂಪ್ ಕೂಡಿಡುವವರು! ಹತ್ತು ನಿಮಿಷ ಅದೇ ಮಾತು. ಆ ಕೆಲಸ ಸಿಗಲಿಲ್ಲ.

ರೆಸ್ಯುಮೆಯಲ್ಲಿ ಫೋಟೊ, ತಂದೆಯ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಆಧಾರ್ ನಂಬರ್ ಎಲ್ಲ ಬೇಕಾ? ಕೊನೆಗೆ ‘ಮೇಲಿನದೆಲ್ಲ ನಿಜ’ ಅಂತ ಸಹಿ ಹಾಕಬೇಕಾ?
– ಓದುಗರು, ತುಮಕೂರು

ಬೇಡ. ಹೆಸರು, ಊರು, ಫೋನ್, ಇಮೇಲ್ ಸಾಕು. ಆಧಾರ್ ನಂಬರ್ ಅಂತೂ ಖಂಡಿತ ಬೇಡ, ಆ ಕಾಗದ ಯಾರ್ಯಾರ ಕೈಗೆ ಹೋಗುತ್ತದೋ. ಸರ್ಕಾರಿ ಕೆಲಸದ ಅರ್ಜಿ ಆದರೆ ಮಾತು ಬೇರೆ, ಅವರು ಕೇಳಿದ್ದನ್ನೆಲ್ಲ ತುಂಬಿ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಚಾಟ್‌ಜಿಪಿಟಿಯಲ್ಲಿ ರೆಸ್ಯುಮೆ ಬರೆಸಿದರೆ ತಪ್ಪಾ?
– ಓದುಗರು, ಗದಗ

ನಮ್ಮ ಕಾಲದಲ್ಲಿ ಟೈಪಿಂಗ್ ಅಂಗಡಿಯವರು ಬರೆದುಕೊಡುತ್ತಿದ್ದರು. ಈಗ ಇದು. ತಪ್ಪೇನಿಲ್ಲ. ಆದರೆ ‘ನನಗೊಂದು ರೆಸ್ಯುಮೆ ಬರೆದುಕೊಡು’ ಅಂತ ಸುಮ್ನೆ ಕೇಳಿದರೆ ಅದು ಅದೇ ಸವಾಲಿನ ವಾತಾವರಣವನ್ನು ಹೊಸ ಬಟ್ಟೆ ಹಾಕಿ ಕಳಿಸುತ್ತದೆ. ಮೊದಲು ನಿಮ್ಮ ಕೆಲಸವನ್ನು ಕನ್ನಡದಲ್ಲೇ ಬರೆಯಿರಿ, ಗೆಳೆಯನಿಗೆ ಹೇಳುವ ಹಾಗೆ. ಅದನ್ನು ಸರಳ ಇಂಗ್ಲಿಷಿಗೆ ತರಲು ಹೇಳಿ. ಬಂದದ್ದನ್ನು ಗಟ್ಟಿಯಾಗಿ ಓದಿ. ನಿಮ್ಮ ಬಾಯಲ್ಲಿ ಬರದ ಪದ ಇದ್ದರೆ ತೆಗೆಯಿರಿ. ಪಕ್ಕದ ಮನೆ ಹುಡುಗನ ರೆಸ್ಯುಮೆಯಲ್ಲಿ ‘ಸ್ಪಿಯರ್‌ಹೆಡೆಡ್’ ಅಂತ ನಾಲ್ಕು ಸಲ ಇತ್ತು. ಹಾಗಂದರೇನೋ ಅಂದೆ. ‘ಗೊತ್ತಿಲ್ಲ ಆಂಟಿ, ಅದೇ ಹಾಕಿತು’ ಅಂದ. ಮುಖ್ಯವಾಗಿ ಸಂಖ್ಯೆ ನೋಡಿಕೊಳ್ಳಿ. ನೀವು ಕೊಡದ ಶೇಕಡಾ ಲೆಕ್ಕವನ್ನೂ ಅದು ಸೇರಿಸಿಬಿಡುವುದುಂಟು.

ಒಂಬತ್ತು ವರ್ಷದಿಂದ ಒಂದೇ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್. ಹೊರಗಿನಿಂದ ಬಂದ ಜೂನಿಯರ್‌ಗಳಿಗೆ ನನಗಿಂತ ಸಂಬಳ ಜಾಸ್ತಿ. ನಿಯತ್ತಿಗೆ ಬೆಲೆಯೇ ಇಲ್ಲವಾ?
– ಓದುಗರು, ಹೊಸಪೇಟೆ

ಸಂಬಳದ ಲೆಕ್ಕದಲ್ಲಿ ಇಲ್ಲ. ಕಂಪನಿ ಬದಲಾಯಿಸಿದವರಿಗೆ ಜಾಸ್ತಿ ಸಿಗುತ್ತದೆ, ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ನಾನೇ ಆ ಕಡೆ ಕೂತು ಕೊಟ್ಟಿದ್ದೇನೆ.

ಮೇಂಟೆನೆನ್ಸ್‌ನವರ ಕಷ್ಟ ಇನ್ನೂ ಒಂದು ಕೈ ಮೇಲು. ಮಿಷನ್ ನಿಂತರೆ ಎಲ್ಲರೂ ನಿಮ್ಮನ್ನು ಹುಡುಕುತ್ತಾರೆ. ಓಡುತ್ತಿದ್ದರೆ ಯಾರಿಗೂ ನೀವು ಕಾಣುವುದಿಲ್ಲ. ಹಾಗಾಗಿ ನೀವೇ ತೋರಿಸಬೇಕು. ಬ್ರೇಕ್‌ಡೌನ್ ರಿಜಿಸ್ಟರ್ ತೆಗೆದು, ನಿಮ್ಮ ಏರಿಯಾದಲ್ಲಿ ಮೂರು ವರ್ಷದ ಹಿಂದೆ ತಿಂಗಳಿಗೆ ಎಷ್ಟು ಗಂಟೆ ನಿಲ್ಲುತ್ತಿತ್ತು, ಈಗ ಎಷ್ಟು, ಬರೆಯಿರಿ. ಒಂದೇ ಹಾಳೆ. ಅದನ್ನು ಬಾಸ್‌ಗೆ ಜನವರಿಯಲ್ಲಿ ಕೊಡಿ. ಮಾರ್ಚ್ ಕೊನೆಗೆ ಅಪ್ರೈಸಲ್ ಫಾರ್ಮ್ ನಿಮ್ಮ ಕೈಗೆ ಬರುವಾಗ ರೇಟಿಂಗ್ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ನಮ್ಮಲ್ಲಂತೂ ಆಗಿರುತ್ತಿತ್ತು.

ಅದಕ್ಕೂ ಬಗ್ಗದಿದ್ದರೆ ಅದೇ ಹಾಳೆ ರೆಸ್ಯುಮೆ ಆಗುತ್ತದೆ. ಹೊಸ ಕಡೆಯ ಆಫರ್ ಲೆಟರ್ ಕೈಗೆ ಬರುವ ಮುಂಚೆ ರಾಜೀನಾಮೆ ಮಾತ್ರ ಕೊಡಬೇಡಿ. ನೋಟಿಸ್ ಪಿರಿಯಡ್ 90 ದಿನವೋ 30 ದಿನವೋ ಅನ್ನುವುದನ್ನು ನಿಮ್ಮ ಹಳೇ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಈಗಲೇ ನೋಡಿಟ್ಟುಕೊಳ್ಳಿ.

ಫೌಂಡ್ರಿಯಲ್ಲಿ ಸೂಪರ್‌ವೈಸರ್. ಡಿಪ್ಲೊಮಾ ಅಂತ ಪ್ರಮೋಷನ್ ಕೊಡುತ್ತಿಲ್ಲ. ಒಬ್ಬರು ಒಂದೇ ವರ್ಷದಲ್ಲಿ, ಕ್ಲಾಸ್‌ಗೆ ಹೋಗದೆ ಬಿಇ ಮಾಡಿಸಿಕೊಡುತ್ತೇನೆ, 85 ಸಾವಿರ ಕೊಡಿ ಅನ್ನುತ್ತಿದ್ದಾರೆ. ಕೊಡಲಾ?
– ಓದುಗರು, ಬೆಳಗಾವಿ

ಕೊಡಬೇಡಿ! ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಿ ಓದುವುದನ್ನು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ ಒಪ್ಪುವುದಿಲ್ಲ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ಪದವಿ ಕೊಟ್ಟಿದ್ದ ಡೀಮ್ಡ್ ವಿಶ್ವವಿದ್ಯಾಲಯಗಳ ವಿರುದ್ಧ ತೀರ್ಪು ಕೊಟ್ಟಿತು. ನಮ್ಮ ಜೊತೆಯವರು ರಾತ್ರಿ ಓದಿ ಎಎಂಐಇ (ಎಂಜಿನಿಯರುಗಳ ಸಂಸ್ಥೆ ನಡೆಸುವ ಪರೀಕ್ಷೆ) ಮಾಡುತ್ತಿದ್ದರು. ಅದಕ್ಕೂ ಬಿಇ ಸಮಾನ ಅನ್ನುವ ಮಾನ್ಯತೆ ಇರುವುದು 2013ರ ಮೇ 31ರ ಒಳಗೆ ನೋಂದಾಯಿಸಿದವರಿಗೆ.

ಸರಿಯಾದ ದಾರಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರುವುದು. ಕೆಲಸ ಬಿಡಲು ಆಗದವರಿಗೆಂದು ಅನುಕೂಲದ ಹೊತ್ತಿನಲ್ಲಿ ತರಗತಿ ನಡೆಸಲು ಎಐಸಿಟಿಇ ಕೆಲವು ಕಾಲೇಜುಗಳಿಗೆ ಅನುಮತಿ ಕೊಟ್ಟಿದೆ. ನಿಮ್ಮ ಹತ್ತಿರದ ಕಾಲೇಜಿಗೆ ಅದು ಇದೆಯಾ ವಿಚಾರಿಸಿ. ಮೂರು ವರ್ಷ ಓದುವ ಶಕ್ತಿ ಈಗ ಇಲ್ಲ ಅಂದರೆ, ಎನ್‌ಡಿಟಿ (ಪೀಸ್ ಒಡೆಯದೆ ಒಳಗಿನ ದೋಷ ನೋಡುವ ಪರೀಕ್ಷೆ) ಲೆವೆಲ್ 2 ಮಾಡಿಕೊಳ್ಳಿ. ಎರಕದ ಒಳಗಿನ ಬಿರುಕು, ಗಾಳಿಗುಳ್ಳೆ ಪತ್ತೆ ಮಾಡುವವರನ್ನು ಯಾವ ಫೌಂಡ್ರಿಯೂ ಬೇಡ ಅನ್ನುವುದಿಲ್ಲ. ಬಿಇ ಮಾಡಿದವರ ಹತ್ತಿರ ಅದು ಸಾಮಾನ್ಯವಾಗಿ ಇರುವುದೂ ಇಲ್ಲ.

ಎಲೆಕ್ಟ್ರಾನಿಕ್ಸ್ ಬಿಇ. ಟೆಸ್ಟ್ ಎಂಜಿನಿಯರ್ ಆಗಿ ಐದು ವರ್ಷ ಇದ್ದೆ. ಮಗು ಆದ ಮೇಲೆ ನಾಲ್ಕು ವರ್ಷ ಗ್ಯಾಪ್. ಕನ್ಸಲ್ಟೆನ್ಸಿಯವರು ‘ಗ್ಯಾಪ್ ಕಾಣದ ಹಾಗೆ ಎಕ್ಸ್‌ಪೀರಿಯನ್ಸ್ ಲೆಟರ್ ಕೊಡ್ತೀವಿ’ ಅಂತಾರೆ. ಮನೆ ಹತ್ತಿರದ ಯುಪಿಎಸ್ ರಿಪೇರಿ ಅಂಗಡಿಯವರಿಗೆ ಆಗಾಗ ಬೋರ್ಡ್ ಟೆಸ್ಟ್ ಮಾಡಿಕೊಟ್ಟಿದ್ದೇನೆ, ಅದೆಲ್ಲ ಲೆಕ್ಕಕ್ಕಿಲ್ಲ ಬಿಡಿ.
– ಓದುಗರು, ಮೈಸೂರು

ಆ ಲೆಟರ್ ತೆಗೆದುಕೊಂಡರೆ ಗತಿ ಏನಾಗುತ್ತದೆ ಕೇಳಿ. ಕೆಲಸಕ್ಕೆ ಸೇರಿಸಿಕೊಳ್ಳುವ ಕಂಪನಿ ನಿಮ್ಮ ಪಿಎಫ್‌ನ ಯುಎಎನ್ ಕೇಳುತ್ತದೆ, ಕಂಪನಿ ಬದಲಾದರೂ ಬದಲಾಗದ ನಂಬರ್ ಅದು. ಅದರಲ್ಲಿ ಯಾವ ಕಂಪನಿಗೆ ಯಾವ ದಿನ ಸೇರಿದಿರಿ, ಯಾವ ದಿನ ಬಿಟ್ಟಿರಿ ಎಲ್ಲ ಸಾಲಾಗಿ ಇರುತ್ತದೆ. ಕಾಗದ ಒಂದು ಹೇಳುತ್ತದೆ, ಯುಎಎನ್ ಇನ್ನೊಂದು ಹೇಳುತ್ತದೆ. ಹೀಗೆ ಸಿಕ್ಕಿಬಿದ್ದವರನ್ನು ಸೇರಿದ ಎರಡನೇ ತಿಂಗಳಿಗೆ ಮನೆಗೆ ಕಳಿಸಿದ್ದು ನೋಡಿದ್ದೇನೆ. ಅವರಲ್ಲಿ ಒಬ್ಬ ಹುಡುಗಿ ಕೆಲಸದಲ್ಲಿ ತುಂಬಾ ಚೆನ್ನಾಗಿದ್ದಳು. ಗ್ಯಾಪ್ ಇದೆ ಅಂತ ಮೊದಲೇ ಹೇಳಿದ್ದರೂ ನಾವು ತೆಗೆದುಕೊಳ್ಳುತ್ತಿದ್ದೆವು.

ಗ್ಯಾಪ್ ಅನ್ನು ಒಂದೇ ಸಾಲಿನಲ್ಲಿ ಬರೆಯಿರಿ: ಇಂಥ ವರ್ಷದಿಂದ ಇಂಥ ವರ್ಷದವರೆಗೆ, ಮಗುವಿನ ಆರೈಕೆ. ಕ್ಷಮೆ ಕೇಳುವ ದನಿ ಬೇಡ.

ಇನ್ನು ಆ ಯುಪಿಎಸ್ ಅಂಗಡಿ. ದಾಸರಹಳ್ಳಿಯವರು ‘ಬಿಟ್ಟರೆ’ ಅಂದರು, ನೀವು ‘ಬಿಡಿ’ ಅನ್ನುತ್ತಿದ್ದೀರಿ! ಯಾವ ಬೋರ್ಡ್, ಹೆಚ್ಚಾಗಿ ಏನು ಕೆಟ್ಟಿರುತ್ತಿತ್ತು, ಹೇಗೆ ಪತ್ತೆ ಮಾಡಿದಿರಿ, ಬರೆದು ಕಳಿಸಿ. ಎಷ್ಟು ಬೋರ್ಡ್ ಅಂತ ನೆನಪಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಅವರ ಬಿಲ್ ಪುಸ್ತಕದಲ್ಲಿ ಇರುತ್ತದೆ.